ಎಂಟು ಮಳೆಗೆ ಐದು ಪುಸ್ತಕ

ಕಳೆದ ಮಳೆಗಾಲದ ಓದಿನ ಪಣವನ್ನು ನಮ್ಮ ಆರು ಜನರಲ್ಲಿ ಪೂರ್ತಿ ಮುಗಿಸಿದವನು ನಾನೊಬ್ಬನೇ. ಜೂನ್‌ನಲ್ಲಿ ನನ್ನ ಪಟ್ಟಿ ನೋಡಿ ‘ಐದೇ ಪುಸ್ತಕವೇ ಭಾವಾ, ಅದೂ ನಿಮ್ಮ ಕೈಯಲ್ಲಿ ಆಗುವುದಿಲ್ಲ’ ಎಂದಿದ್ದವರೇ ಹಸ್ತ ಮಳೆ ಕಳೆದ ಮೇಲೆ ‘ಹೇಗೆ ಮಾಡಿದಿರಿ’ ಎಂದು ಕೇಳುತ್ತಿದ್ದಾರೆ. ಪಣ ಸರಳ. ತಲೆಗೆ ಐನೂರು ರೂಪಾಯಿ, ಪಟ್ಟಿ ಅವರವರದೇ, ಕೊನೆಗೆ ಉಳಿದವರು ಪುಸ್ತಕದ ಒಳಗಿನಿಂದ ಪ್ರಶ್ನೆ ಕೇಳುತ್ತಾರೆ.

ಹಿಂದಿನ ಎರಡು ವರ್ಷ ನಾನು ಸೋತಿದ್ದೆ. ಮೊದಲ ವರ್ಷ ಇಪ್ಪತ್ತೈದು ಪುಸ್ತಕಗಳ ಪಟ್ಟಿ ಮಾಡಿ, ಸುಮಾರು ನಾಲ್ಕು ಸಾವಿರ ರೂಪಾಯಿ ಸುರಿದು, ಓದಿದ್ದು ನಾಲ್ಕು. ಉಳಿದವಕ್ಕೆ ಬೂಷ್ಟು ಹಿಡಿಯಿತು. ಎರಡನೇ ವರ್ಷ ದಿನಕ್ಕೆ ಇಪ್ಪತ್ತು ಪುಟ ಎಂದು ಲೆಕ್ಕ ಹಾಕಿಕೊಂಡೆ. ಅಡಿಕೆ ತೋಟ ಇರುವವನಿಗೆ ದಿನದ ಲೆಕ್ಕ ನಡೆಯುವುದಿಲ್ಲ. ಮಳೆ ಹೊಳವಾದರೆ ಕೊಳೆರೋಗಕ್ಕೆ ಮದ್ದು ಹೊಡೆಯಲು ಓಡಬೇಕು, ಆ ದಿನ ಒಂದು ಪುಟವೂ ಇಲ್ಲ. ಮೂರು ದಿನ ತಪ್ಪಿದರೆ ಅರವತ್ತು ಪುಟದ ಸಾಲ ತಲೆಯ ಮೇಲೆ. ಸಾಲ ತೀರಿಸಲು ಓದಿದ ಪುಟ ಒಂದೂ ನೆನಪಿನಲ್ಲಿ ನಿಲ್ಲಲಿಲ್ಲ.

ಈ ಸಲ ಪುಟ ಎಣಿಸುವುದನ್ನೇ ಬಿಟ್ಟೆ. ಪಂಚಾಂಗ ತೆಗೆದು, ಆರಿದ್ರಾದಿಂದ ಹಸ್ತದವರೆಗಿನ ಎಂಟು ಮಳೆ ನಕ್ಷತ್ರಗಳಿಗೆ ಪುಸ್ತಕ ಹಂಚಿದೆ. ಒಂದೊಂದು ಮಳೆಗೆ ಹದಿಮೂರು, ಹದಿನಾಲ್ಕು ದಿನ ಸಿಗುತ್ತದೆ. ನಾಲ್ಕು ದಿನ ತೋಟಕ್ಕೆ ಹೋದರೂ ಮಳೆ ಇನ್ನೂ ಬಾಕಿ ಇರುತ್ತದೆ.

ಆರಿದ್ರಾಕ್ಕೆ ಕಾರಂತರ ‘ಮರಳಿ ಮಣ್ಣಿಗೆ’. ಹಿಂದೆ ಓದಿದಾಗ ಮೊಮ್ಮಗ ರಾಮನ ಕಥೆ ಎಂದುಕೊಂಡಿದ್ದೆ. ಈಗ ನನಗೆ ಕಂಡದ್ದು ಪಾರೋತಿ ಮತ್ತು ಸರಸೋತಿ ಮಾತ್ರ. ಇಡೀ ಮನೆಯನ್ನು ಆ ಇಬ್ಬರು ಹೆಂಗಸರು ಬೆನ್ನ ಮೇಲೆ ಹೊತ್ತಿದ್ದಾರೆ. ಗದ್ದೆಯಿಂದ ಕೆಸರುಗಾಲಿನಲ್ಲಿ ಬಂದು ಓದಲು ಕುಳಿತವನಿಗೆ ಅದು ಬೇರೆಯೇ ಪುಸ್ತಕ.

ಪುನರ್ವಸು, ಪುಷ್ಯ, ಆಶ್ಲೇಷ, ಈ ಮೂರೂ ಮಳೆ ‘ಮಲೆಗಳಲ್ಲಿ ಮದುಮಗಳು’ ಒಂದಕ್ಕೇ. ಎಲ್ಲರೂ ಬೇಡವೆಂದದ್ದು ಇದನ್ನೇ. ಆದರೆ 1967ರಲ್ಲಿ ಬಂದ ಈ ಕಾದಂಬರಿ ಅವಸರದವರಿಗೆ ದಕ್ಕುವುದಿಲ್ಲ. ನಾಯಿಗುತ್ತಿಯ ಹಿಂದೆ ಅವನ ನಾಯಿ ಹುಲಿಯ ನಡೆದಂತೆ ಅದರ ಹಿಂದೆ ನಡೆಯಬೇಕು. ಕೊನೆಯ ಭಾಗವನ್ನು ಆಶ್ಲೇಷಕ್ಕೆಂದೇ ಕಾದಿಟ್ಟಿದ್ದೆ. ‘ಆಶ್ಲೇಷ ಮಳೆ, ಈಸಲಾರದ ಹೊಳೆ’ ಎಂಬ ಗಾದೆ ನಿಮಗೆಲ್ಲ ಗೊತ್ತು. ಆ ರಾತ್ರಿ ಕರೆಂಟು ಇರಲಿಲ್ಲ, ನಮ್ಮ ಹಳ್ಳದ ಸದ್ದು ಜಗಲಿಗೆ ಕೇಳುತ್ತಿತ್ತು. ಉಕ್ಕಿದ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುವ ಜಾಗಕ್ಕೆ ಬಂದಾಗ ಪುಸ್ತಕ ಮಡಚಿ, ಹೊರಗೆ ಹೋಗಿ ನಮ್ಮ ನಾಯಿಯನ್ನು ಒಳಗೆ ಕರೆದುಕೊಂಡು ಬಂದೆ.

ಬೂಷ್ಟಿನ ವಿಷಯಕ್ಕೆ ಬರುತ್ತೇನೆ, ಎಲ್ಲರಿಗೂ ಇರುವ ತೊಂದರೆ ಅದು. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಪುಸ್ತಕ ಇಟ್ಟು ನೋಡಿದೆ. ಬೂಷ್ಟು ಬರಲಿಲ್ಲ ನಿಜ, ಆದರೆ ಬೆನ್ನಿನ ಅಂಟು ಸಡಿಲವಾಗಿ ಹಾಳೆಗಳು ಅಡಿಕೆ ಹಾಳೆಯಂತೆ ಕಳಚಿ ಬಿದ್ದವು. ಮೊಬೈಲಿನಲ್ಲಿ ಓದಲು ಹೊರಟರೆ ಮೂರು ದಿನ ಕರೆಂಟಿಲ್ಲದೆ ಅದೂ ಸತ್ತಿತು. ಈಗ ಹಳೆಯ ಹಿಟ್ಟಿನ ಡಬ್ಬ, ಒಣಗಿಸಿದ ಲಕ್ಕಿ ಸೊಪ್ಪು, ಮತ್ತೊಂದು ವಸ್ತು. ಆ ಮತ್ತೊಂದನ್ನು ಹೇಳುವುದಿಲ್ಲ, ಮುಂದಿನ ವರ್ಷದ ಪಣ ಬಾಕಿ ಇದೆ. ಬೆಳಕಿಗೆ ಎಂಟುನೂರು ರೂಪಾಯಿಯ ಚಾರ್ಜಿಂಗ್ ದೀಪ ಒಂದೇ ತಿಂಗಳಿಗೆ ಕೆಟ್ಟಿತು. ಮುನ್ನೂರರ ತಲೆಗೆ ಕಟ್ಟುವ ಟಾರ್ಚು ಕೊನೆಯವರೆಗೂ ಬಾಳಿತು.

ಮಘೆಗೆ ದೇವನೂರ ಮಹಾದೇವರ ‘ಕುಸುಮಬಾಲೆ’. ತೆಳ್ಳನೆಯ ಪುಸ್ತಕ, ಮೂರು ದಿನ ಸಾಕು ಎಂದುಕೊಂಡಿದ್ದೆ. ಆ ನಂಜನಗೂಡು ಸೀಮೆಯ ಮಾತು ಮಲೆನಾಡಿನ ನನ್ನ ಕಣ್ಣಿಗೆ ಹತ್ತಲೇ ಇಲ್ಲ. ಆರು ದಿನ ವ್ಯರ್ಥವಾಯಿತು. ಏಳನೆಯ ದಿನ ಗಟ್ಟಿಯಾಗಿ ಓದಿ ನೋಡಿದೆ, ಗಂಟು ಬಿಚ್ಚಿಕೊಂಡಿತು. ಕಣ್ಣಿಗೆ ಸಿಗದದ್ದು ಕಿವಿಗೆ ಸಿಕ್ಕಿತು. ಅಮ್ಮ ಎದುರಿಗೆ ಕುಳಿತು ಅಂಗೈಯಲ್ಲಿ ಬೂದಿ ಮುಟ್ಟಿಸಿಕೊಂಡು ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ದೀಪದ ಜ್ಯೋತಿಗಳಾದ ಜೋತಮ್ಮಗಳು ಸೇರಿ ಮಾತಿಗೆ ಕೂರುವ ಜಾಗ ಬಂದಾಗ ಅವಳ ಕೈ ನಿಂತಿತು. ‘ಮತ್ತೊಮ್ಮೆ ಓದು’ ಎಂದಳು. ಓದಿದೆ.

ಹುಬ್ಬೆಗೆ ರಾವಬಹಾದ್ದೂರರ ‘ಗ್ರಾಮಾಯಣ’. ಇದನ್ನೂ ಗಟ್ಟಿಯಾಗಿಯೇ ಓದಿದೆ, ಪಾದಳ್ಳಿಯ ಉತ್ತರ ಕರ್ನಾಟಕದ ಮಾತು ಮೊದಲ ದಿನವೇ ಹಿಡಿತಕ್ಕೆ ಬಂದಿತು. ಉತ್ತರೆಗೆ ‘ಕರ್ವಾಲೋ’, ಎರಡೇ ಸಂಜೆಯಲ್ಲಿ ಮುಗಿಯಿತು. ಮಂದಣ್ಣನ ಜೇನಿನ ಗುಂಗಿನಲ್ಲಿ ಒಂದು ಜೇನು ಪೆಟ್ಟಿಗೆ ತಂದಿಟ್ಟೆ, ಇನ್ನೂ ಹುಳ ಕೂತಿಲ್ಲ. ಈ ಸಲ ಪುಸ್ತಕಕ್ಕೆ ಹೋದದ್ದು ಹೆಚ್ಚೆಂದರೆ ಸಾವಿರದ ಇನ್ನೂರು. ಒಂದನ್ನು ಎರವಲು ತಂದಿದ್ದೆ.

ಹಸ್ತ ಮಳೆಯನ್ನು ಖಾಲಿ ಬಿಟ್ಟಿದ್ದೆ, ಹಿಂದುಳಿದರೆ ಬೇಕಾಗುತ್ತದೆಂದು. ಬೇಕಾಗಲಿಲ್ಲ. ‘ಆ ದೀಪದ್ದು ಓದೋ’ ಎಂದಳು ಅಮ್ಮ. ಡಬ್ಬದಿಂದ ‘ಕುಸುಮಬಾಲೆ’ ತೆಗೆದೆ, ಹಾಳೆಗಳು ಗರಿಗರಿಯಾಗಿದ್ದವು. ಅವಳು ಹತ್ತಿ ತಂದು ಕುಳಿತಳು.