ಡೀಸೆಲ್ ಫಿಲ್ಟರ್ ಬದಲಿಸಿದ ಮೇಲೆ ಐಡ್ಲಿಂಗ್ ಒಂದೇ ಸಮ ನಿಲ್ಲುತ್ತಿಲ್ಲವೇ?

ಕಬ್ಬಿನ ಸೀಸನ್‌ಗೆ ಮೊದಲು ಮಂಡ್ಯ ಕಡೆ ಹಳೇ ಲಾರಿಗಳಿಗೆ ಮನೆ ಮುಂದೆಯೇ ಸಣ್ಣಪುಟ್ಟ ರಿಪೇರಿ ನಡೆಯುತ್ತದೆ. ಫಿಲ್ಟರ್ ಬದಲಿಸಿದ ಮೇಲೆ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವ ವೇಗ) ಏರಿಳಿದರೆ ಸುಮ್ನೆ ಐಡ್ಲಿಂಗ್ ಸ್ಕ್ರೂ ತಿರುಗಿಸಬೇಡಿ. ರಿಪೇರಿಗೆ ಮುಂಚೆ ಅದು ಸರಿಯಾಗಿಯೇ ಇತ್ತು ಅಲ್ವಾ? ಬಿಚ್ಚಿದ ಜಾಗವನ್ನೇ ಮೊದಲು ನೋಡಿ.

ಜಾಸ್ತಿ ಸಲ ಡೀಸೆಲ್ ಲೈನ್‌ನಲ್ಲಿ ಗಾಳಿ ಸೇರಿರುತ್ತದೆ. ಇಂಜಿನ್ ಆಫ್ ಮಾಡಿ, ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸ್ವಲ್ಪ ಸಡಿಲಿಸಿ, ಹ್ಯಾಂಡ್ ಪಂಪ್ ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಸ್ಕ್ರೂ ಬಿಗಿ ಮಾಡಿ. ಇದು ಹಳೇ ಮಾದರಿ ಪಂಪ್‌ನ ಗಾಡಿಗೆ ಮಾತ್ರ, ಕಂಪ್ಯೂಟರ್ ನಿಯಂತ್ರಣದ ಹೊಸ ಕಾಮನ್ ರೈಲ್ ಇಂಜಿನ್‌ಗೆ ಅಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಅದೇ ಕಥೆಯೇ? ಹಾಗಾದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಟ್ಯಾಂಕ್‌ನಿಂದ ಫೀಡ್ ಪಂಪ್‌ವರೆಗಿನ ಪೈಪ್ ಡೀಸೆಲ್ ಹೀರುವ ಭಾಗ. ಅಲ್ಲಿ ಒಂದು ಹನಿಯೂ ಹೊರಗೆ ಸೋರದೆ ಗಾಳಿ ಒಳಗೆ ಹೋಗಬಹುದು. ಕೆಳಗೆ ನೆಲ ಒಣಗಿದೆ ಎಂದು ಲೀಕ್ ಇಲ್ಲ ಅಂದುಕೊಳ್ಳಬೇಡಿ. ಹಳೇ ತಾಮ್ರದ ವಾಷರನ್ನೇ ಮತ್ತೆ ಹಾಕಿದ್ದರೆ ಬದಲಿಸಿ. ಅದರಲ್ಲಿ ಜಿಪುಣತನ ಬೇಡ.

ಇಂಜಿನ್ ಓಡುವಾಗ ಇಂಜೆಕ್ಟರ್ ಪೈಪ್ ಲೀಕ್ ಹುಡುಕಲು ಬೆರಳು ಇಡಲೇಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೆ ನುಗ್ಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ.