ಅಣುಬಾಂಬ್ ಪರೀಕ್ಷೆಯ ಆಸುಪಾಸಿನಲ್ಲಿ ಬೆಳೆದವರ ಆರೋಗ್ಯದ ಹಿನ್ನೆಲೆಯನ್ನು ಬರೆದಿಡುವುದು ಹೇಗೆ?

ಅಮೆರಿಕದ ನೆವಾಡಾ ಮರುಭೂಮಿಯಲ್ಲಿ 1951ರಿಂದ 1962ರವರೆಗೆ ಸುಮಾರು ನೂರು ಅಣುಬಾಂಬುಗಳನ್ನು ಬಯಲಿನಲ್ಲೇ ಸಿಡಿಸಿ ಪರೀಕ್ಷಿಸಲಾಯಿತು. ಗಾಳಿ ಆ ಸ್ಫೋಟಗಳ ವಿಕಿರಣಭರಿತ ಧೂಳನ್ನು ಹೊತ್ತು ತಂದ ಯೂಟಾ ರಾಜ್ಯದ ಸೇಂಟ್ ಜಾರ್ಜ್‌ನಂಥ ಊರುಗಳಲ್ಲಿ ಅಂದು ಮಕ್ಕಳಾಗಿದ್ದವರು ಇಂದು ಇಳಿವಯಸ್ಸಿನವರು. ಅಂಥವರ ವಿವರ ಬರೆದುಕೊಳ್ಳುವವರು ಸ್ಫೋಟದ ಜಾಗ ಎಷ್ಟು ದೂರವಿತ್ತೆಂದು ಮೊದಲು ಕೇಳುವುದುಂಟು. ಅದಕ್ಕಿಂತ ಮುಖ್ಯವಾಗಿ, ಆಗ ಅವರಿಗೆ ಎಷ್ಟು ವಯಸ್ಸಾಗಿತ್ತು ಮತ್ತು ಯಾವ ಹಾಲು ಕುಡಿಯುತ್ತಿದ್ದರು ಎಂಬುದನ್ನು ಕೇಳಬೇಕು.

ಧೂಳಿನಲ್ಲಿದ್ದ ಅಯೋಡಿನ್-131 ಎಂಬ ವಿಕಿರಣ ಸೂಸುವ ಅಯೋಡಿನ್ ಹುಲ್ಲಿನ ಮೇಲೆ ಬಿದ್ದು, ಮೇವಿನೊಂದಿಗೆ ಹಸುವಿನ ಹೊಟ್ಟೆ ಸೇರಿ, ಹಾಲಿನ ಮೂಲಕ ಮಕ್ಕಳ ಕುತ್ತಿಗೆಯಲ್ಲಿರುವ ಪುಟ್ಟ ಥೈರಾಯ್ಡ್ ಗ್ರಂಥಿಯಲ್ಲಿ ಶೇಖರವಾಯಿತು. ಅದು ಎಂಟು ದಿನಕ್ಕೊಮ್ಮೆ ಅರ್ಧಕ್ಕಿಳಿಯುವುದರಿಂದ, ಕರೆದ ದಿನವೇ ಕುಡಿದ ಹಾಲಿಗೂ ತಿಂಗಳುಗಟ್ಟಲೆ ಡಬ್ಬಿಯಲ್ಲಿದ್ದ ಹಾಲಿನ ಪುಡಿಗೂ ಅಜಗಜಾಂತರವಿದೆ. ಮೇಕೆಯ ಹಾಲಿನಲ್ಲಿ ಈ ಅಯೋಡಿನ್ ಹಸುವಿನ ಹಾಲಿಗಿಂತಲೂ ಹೆಚ್ಚು ಸೇರುತ್ತದೆ. ಆದ್ದರಿಂದ ಟಿಪ್ಪಣಿ ಹೀಗಿರಲಿ: "1953ರ ಮೇ, ಐದು ವರ್ಷ, ಸೇಂಟ್ ಜಾರ್ಜ್, ಮನೆಯ ಹಸು, ದಿನಕ್ಕೆರಡು ಲೋಟ." ಆ ತಿಂಗಳ 19ರಂದು ನಡೆದ 'ಹ್ಯಾರಿ' ಸ್ಫೋಟದ ಧೂಳು ಆ ಊರಿನ ಮೇಲೆ ಬಿದ್ದಿತ್ತು, ಮನೆಯೊಳಗೇ ಇರುವಂತೆ ಜನರಿಗೆ ಹೇಳಲಾಗಿತ್ತು.

ಬಳಿಕ ಕಾಯಿಲೆಗಳನ್ನು ಇಸವಿಯೊಂದಿಗೆ ಬರೆಯಿರಿ. ರಕ್ತದ ಕ್ಯಾನ್ಸರ್ ಕೆಲವೇ ವರ್ಷಗಳಲ್ಲಿ ತಲೆದೋರಬಹುದು. ಥೈರಾಯ್ಡ್, ಸ್ತನ ಮುಂತಾದ ಅಂಗಗಳ ಗಡ್ಡೆಗಳು ಹತ್ತಾರು ವರ್ಷ ಬಿಟ್ಟು ಕಾಣಿಸಿಕೊಳ್ಳಬಹುದು. ಇಂಥ ಕ್ಯಾನ್ಸರ್ ವಿಕಿರಣದಿಂದಲೇ ಬಂದಿತೆಂದು ಒಬ್ಬ ವ್ಯಕ್ತಿಯ ಮಟ್ಟಿಗೆ ಯಾವ ಪರೀಕ್ಷೆಯೂ ಸಾಬೀತುಪಡಿಸಲಾರದು, ಹಾಗಾಗಿ ಕಾರಣವನ್ನು ನೀವೇ ತೀರ್ಮಾನಿಸಿ ಬರೆಯಬೇಡಿ. ಈ ಹಾಳೆಯನ್ನು ವೈದ್ಯರ ಕೈಗಿತ್ತರೆ ಕುತ್ತಿಗೆಯನ್ನು ಮುಟ್ಟಿ ನೋಡುವುದು, ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆ, ಗಂಟು ಸಿಕ್ಕರೆ ಅಲ್ಟ್ರಾಸೌಂಡ್ ಇವುಗಳ ಅಗತ್ಯವನ್ನು ಅವರು ನಿರ್ಧರಿಸುತ್ತಾರೆ.

ಅಮೆರಿಕದ 1990ರ ವಿಕಿರಣ ಪರಿಹಾರ ಕಾಯ್ದೆಯನ್ನು 2025ರಲ್ಲಿ ವಿಸ್ತರಿಸಲಾಗಿದ್ದು, ಅದರಡಿ ಅರ್ಹರಿಗೆ ಒಂದು ಲಕ್ಷ ಡಾಲರ್ ಸಿಗುತ್ತದೆ. ಅಲ್ಲಿ ಹಾಲಿನ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ನಿಗದಿತ ಪ್ರದೇಶದಲ್ಲಿ ವಾಸವಿದ್ದ ಪುರಾವೆ ಮತ್ತು ಪಟ್ಟಿಯಲ್ಲಿರುವ ಕ್ಯಾನ್ಸರ್‌ನ ವೈದ್ಯಕೀಯ ದಾಖಲೆ ಬೇಕು. ಹೈಪೋಥೈರಾಯ್ಡ್, ಅಂದರೆ ಥೈರಾಯ್ಡ್ ಗ್ರಂಥಿ ಮಂದವಾಗಿ ಕೆಲಸ ಮಾಡುವ ತೊಂದರೆ, ಆ ಪಟ್ಟಿಯಲ್ಲಿಲ್ಲ. ಶಾಲೆಯ ದಾಖಲೆ, ತಂದೆತಾಯಿಯರ ತೆರಿಗೆ ರಸೀದಿಗಳನ್ನು ಹುಡುಕಿಡಿ. ವ್ಯಕ್ತಿ ತೀರಿಕೊಂಡಿದ್ದರೆ ಸಂಗಾತಿಯೋ ಮಕ್ಕಳೋ ಅರ್ಜಿ ಹಾಕಬಹುದು. ಕೊನೆಯ ದಿನಾಂಕ 2027ರ ಡಿಸೆಂಬರ್ 31.