ಪ್ರಿಂಟ್ ಒತ್ತಿದ ಮೇಲೆ ಕಡತ ಹಿಡಿಯುವ ದಾರಿ: ಪ್ರಿಂಟರ್ ಡ್ರೈವರ್ ಸರಿಯಾಗಿ ಹೊಂದಿಸುವುದು ಹೇಗೆ?

ತೀರ್ಥಹಳ್ಳಿ, ಸಾಗರ, ಹೊಸನಗರಗಳ ತಾಲ್ಲೂಕು ಕಚೇರಿಗಳ ಎದುರಿನ ಜೆರಾಕ್ಸ್ ಅಂಗಡಿಗಳಲ್ಲಿ, ಶಿವಮೊಗ್ಗದ ಡಿಟಿಪಿ ಕೇಂದ್ರಗಳಲ್ಲಿ, ಅಡಿಕೆ ಮಂಡಿಗಳ ಲೆಕ್ಕದ ಮೇಜಿನ ಬಳಿ ಒಂದೇ ಬಗೆಯ ಪರದಾಟ ಮತ್ತೆ ಮತ್ತೆ ಕಾಣುತ್ತದೆ. ಅಫಿಡವಿಟ್ಟೋ ತೂಕದ ಚೀಟಿಯೋ ಮುದ್ರಣವಾಗದೆ ನಿಂತಿತೆಂದರೆ ಕುಳಿತವರು ಮೊದಲು ಪ್ರಿಂಟ್ ಗುಂಡಿಯನ್ನು ನಾಲ್ಕಾರು ಬಾರಿ ಒತ್ತುತ್ತಾರೆ, ಆಮೇಲೆ ಯಂತ್ರವನ್ನು ಆರಿಸಿ ಮತ್ತೆ ಹಚ್ಚುತ್ತಾರೆ, ಅದಕ್ಕೂ ಬಗ್ಗದಿದ್ದರೆ, ಮುದ್ರಿಸಬೇಕಾದದ್ದನ್ನು ಪ್ರಿಂಟರಿನ ಭಾಷೆಗೆ ತಿರುಗಿಸಿಕೊಡುವ ಡ್ರೈವರ್ ಎಂಬ ತಂತ್ರಾಂಶವನ್ನೇ ತೆಗೆದು ಹೊಸದಾಗಿ ಹಾಕುತ್ತಾರೆ. ಬಹಳಷ್ಟು ಸಲ ಡ್ರೈವರಿನಲ್ಲಿ ಏನೂ ಕೆಟ್ಟಿರುವುದಿಲ್ಲ. ಕಡತವು ತಂತ್ರಾಂಶದಿಂದ ಯಂತ್ರದವರೆಗೆ ಹೋಗುವ ದಾರಿಯ ಬೇರೊಂದು ಕಡೆ ತಡೆ ಬಿದ್ದಿರುತ್ತದೆ. ಆ ದಾರಿಯ ಪರಿಚಯವಿದ್ದರೆ ತಡೆ ಎಲ್ಲಿದೆ ಎಂದು ಕೂತಲ್ಲೇ ಹೇಳಬಹುದು.

ಹಂತ 1: ಯಾರು ಯಾರೊಡನೆ ಮಾತನಾಡುತ್ತಾರೆ ಎಂಬುದನ್ನು ತಿಳಿಯಿರಿ

ವರ್ಡ್, ಟ್ಯಾಲಿ ಅಥವಾ ಬ್ರೌಸರ್ ಸಾಮಾನ್ಯವಾಗಿ ಪ್ರಿಂಟರಿನೊಡನೆ ನೇರವಾಗಿ ಮಾತನಾಡುವುದಿಲ್ಲ. ಡಾಸ್ ಕಾಲದಲ್ಲಿ ಪರಿಸ್ಥಿತಿ ಹಾಗಿರಲಿಲ್ಲ. ಆಗ ವರ್ಡ್‌ಪರ್ಫೆಕ್ಟ್‌ನಂಥ ಪ್ರತಿಯೊಂದು ತಂತ್ರಾಂಶವೂ ತನಗೆ ಬೇಕಾದ ಪ್ರಿಂಟರ್ ಡ್ರೈವರುಗಳನ್ನು ತಾನೇ ಹೊತ್ತು ತರಬೇಕಿತ್ತು. ವಿಂಡೋಸ್ ಬಂದ ಮೇಲೆ ಆ ಕೆಲಸ ಕಾರ್ಯಾಚರಣ ವ್ಯವಸ್ಥೆಯ ಪಾಲಿಗೆ ಬಂತು. ಒಂದು ಪ್ರಿಂಟರಿಗೆ ಒಂದು ಡ್ರೈವರ್ ಹಾಕಿದರೆ ಎಲ್ಲ ತಂತ್ರಾಂಶಗಳಿಗೂ ಅದೇ ಸಾಕಾಯಿತು.

ನೀವು ಕಡತವನ್ನು ತೆರೆದಾಗಲೇ ವರ್ಡ್ ವಿಂಡೋಸಿನ ಮೂಲಕ ಡ್ರೈವರನ್ನು ಕೆಲವು ಸಂಗತಿಗಳನ್ನು ಕೇಳಿಕೊಳ್ಳುತ್ತದೆ: ಯಾವ ಯಾವ ಅಳತೆಯ ಕಾಗದ ಹಿಡಿಯುತ್ತದೆ, ಅಂಚಿನಿಂದ ಎಷ್ಟು ಜಾಗ ಬಿಡಬೇಕು, ಒಂದು ಅಂಗುಲಕ್ಕೆ ಎಷ್ಟು ಚುಕ್ಕೆ ಹಾಕಬಲ್ಲದು. ಒಂದು ಕಂಪ್ಯೂಟರಿನಲ್ಲಿ ಹತ್ತು ಪುಟವಿದ್ದ ಕಡತ ಇನ್ನೊಂದರಲ್ಲಿ ಹನ್ನೊಂದು ಪುಟವಾಗುವುದಕ್ಕೆ ಒಂದು ಕಾರಣ ಇಲ್ಲಿದೆ; ಅಲ್ಲಿನ ಡೀಫಾಲ್ಟ್ ಪ್ರಿಂಟರ್ ಬೇರೆ, ಅದರ ಡ್ರೈವರ್ ಕೊಟ್ಟ ಉತ್ತರವೂ ಬೇರೆ. ಮುದ್ರಣಕ್ಕೆ ಹೋಗುವ ಕಡತವನ್ನು ಪಿಡಿಎಫ್ ಮಾಡಿ ಒಯ್ಯಿರಿ ಎಂದು ನಾನು ಒತ್ತಿ ಹೇಳುವುದು ಅದಕ್ಕಾಗಿಯೇ.

ಪ್ರಿಂಟ್ ಒತ್ತಿದ ಮೇಲೆ ತಂತ್ರಾಂಶವು ಪುಟದ ಮೇಲೆ ಬರಬೇಕಾದ ಅಕ್ಷರ, ಗೆರೆ, ಚಿತ್ರಗಳನ್ನು ಒಂದೊಂದಾಗಿ ವಿಂಡೋಸಿನ ಜಿಡಿಐ ಎಂಬ ಚಿತ್ರಣ ವ್ಯವಸ್ಥೆಗೆ ಹೇಳುತ್ತ ಹೋಗುತ್ತದೆ. ಜಿಡಿಐ ಆ ಆದೇಶಗಳನ್ನು ಸಾಮಾನ್ಯವಾಗಿ ಇಎಂಎಫ್ ಎಂಬ ರೂಪದಲ್ಲಿ ದಾಖಲಿಸಿ, ಮುದ್ರಣದ ಸರದಿಯನ್ನು ನೋಡಿಕೊಳ್ಳುವ ಸ್ಪೂಲರ್ ಎಂಬ ಸೇವೆಗೆ ಒಪ್ಪಿಸುತ್ತದೆ. ಅಡಿಕೆ ಬೆಳೆಗಾರ ಮಂಡಿಯಲ್ಲಿ ಮೂಟೆ ಇಳಿಸಿ ಚೀಟಿ ಪಡೆದು ಊರಿಗೆ ಮರಳುವಂತೆ, ಸ್ಪೂಲರಿಗೆ ಒಪ್ಪಿಸಿದೊಡನೆ ತಂತ್ರಾಂಶದ ಕೆಲಸ ಮುಗಿಯುತ್ತದೆ. ಮುಂದಿನದು ಸ್ಪೂಲರಿನ ಹೊಣೆ. ಸ್ಪೂಲರ್ ಆ ದಾಖಲೆಯನ್ನು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಂಡು, ಸರದಿ ಬಂದಾಗ ಪ್ರಿಂಟ್ ಪ್ರೊಸೆಸರಿನ ಮೂಲಕ ಡ್ರೈವರಿಗೆ ಓದಿಸುತ್ತದೆ. ಡ್ರೈವರ್ ಅದನ್ನು ಪ್ರಿಂಟರಿಗೆ ಅರ್ಥವಾಗುವ ಭಾಷೆಗೆ ತಿರುಗಿಸುತ್ತದೆ. ಹಾಗೆ ತಿರುಗಿಸಿದ್ದನ್ನು ಪೋರ್ಟ್ ಮಾನಿಟರ್ ಎಂಬ ಭಾಗವು ಯುಎಸ್‌ಬಿ ತಂತಿಗೋ ನೆಟ್‌ವರ್ಕಿಗೋ ದಾಟಿಸುತ್ತದೆ.

ಹಂತ 2: ಯಂತ್ರವನ್ನು ಬೇರೆಯಾಗಿ ಪರೀಕ್ಷಿಸಿ

ಪ್ರಿಂಟರಿನ ಮೇಲಿರುವ ಗುಂಡಿಯಿಂದಲೇ ಅದರ ಪರೀಕ್ಷಾ ಪುಟ ತೆಗೆಯಿರಿ. ಅದು ಸರಿಯಾಗಿ ಬಂದರೆ ಯಂತ್ರ ಸರಿಯಿದೆ. ಮಳೆಗಾಲದಲ್ಲಿ ತೇವ ಹೀರಿದ ಕಾಗದ ಸಿಕ್ಕಿಕೊಳ್ಳುವುದಕ್ಕೂ ಡ್ರೈವರಿಗೂ ಸಂಬಂಧವಿಲ್ಲ.

ಹಂತ 3: ಡ್ರೈವರ್ ಆಯ್ಕೆ

ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಪ್ರಿಂಟರ್ ಯಾವ ಭಾಷೆ ಬಲ್ಲದು ಎಂಬುದನ್ನು ನೋಡದೆ ಹೆಸರು ಹತ್ತಿರವಿದೆ ಎಂಬ ಕಾರಣಕ್ಕೆ ಯಾವುದೋ ಡ್ರೈವರ್ ಹಾಕುತ್ತಾರೆ. ಪ್ರಿಂಟರುಗಳ ಭಾಷೆಗಳಲ್ಲಿ ಮುಖ್ಯವಾದವು ಕೆಲವೇ. ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಮತ್ತು ಎಚ್‌ಪಿಯ ಪಿಸಿಎಲ್ ಎರಡೂ 1980ರ ದಶಕದಿಂದ ಬಳಕೆಯಲ್ಲಿವೆ. ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳಲ್ಲಿ ಎಪ್ಸನ್ ರೂಪಿಸಿದ ಇಎಸ್‌ಸಿ/ಪಿ ಆದೇಶಗಳು ಹರಡಿವೆ. ಇವುಗಳ ಜೊತೆಗೆ, ಪುಟ ವಿವರಿಸುವ ಯಾವ ಭಾಷೆಯನ್ನೂ ತಿಳಿಯದ ಅಗ್ಗದ ಲೇಸರ್ ಪ್ರಿಂಟರುಗಳ ದೊಡ್ಡ ಗುಂಪೇ ಇದೆ. ಅವುಗಳ ಪಾಲಿನ ಲೆಕ್ಕಾಚಾರವನ್ನೆಲ್ಲ ಕಂಪ್ಯೂಟರಿನಲ್ಲಿರುವ ಡ್ರೈವರೇ ಮುಗಿಸಿ, ಚುಕ್ಕೆಗಳ ಸಾಲನ್ನು ಮಾತ್ರ ಕಳುಹಿಸುತ್ತದೆ.

ತಪ್ಪು ಡ್ರೈವರ್ ಬಿದ್ದಿದೆ ಎಂಬುದನ್ನು ಕಾಗದವೇ ಹೇಳುತ್ತದೆ. ಪುಟದ ತಲೆಯಲ್ಲಿ ಶೇಕಡಾ ಚಿಹ್ನೆ, ಉದ್ಗಾರ ಚಿಹ್ನೆ, ಅವುಗಳ ಪಕ್ಕದಲ್ಲಿ ಪಿಎಸ್ ಎಂಬ ರೋಮನ್ ಅಕ್ಷರಗಳು ಬಂದು, ಹಿಂದೆಯೇ ಪುಟಗಟ್ಟಲೆ ಇಂಗ್ಲಿಷ್ ಪದಗಳೂ ಅಂಕಿಗಳೂ ಹರಿದು ಬಂದರೆ, ಪೋಸ್ಟ್‌ಸ್ಕ್ರಿಪ್ಟ್ ಬಾರದ ಯಂತ್ರಕ್ಕೆ ಪೋಸ್ಟ್‌ಸ್ಕ್ರಿಪ್ಟ್ ಕಳುಹಿಸಿದ್ದೀರಿ ಎಂದರ್ಥ. ಮೊದಲ ಸಾಲಿನಲ್ಲಿ ಇಮೇಲ್ ವಿಳಾಸದಲ್ಲಿ ಬರುವ ಅಟ್ ಚಿಹ್ನೆಯೊಂದಿಗೆ ಪಿಜೆಎಲ್ ಎಂದು ಕಂಡರೆ, ಯಂತ್ರವು ತನಗೆ ಬಂದ ಆದೇಶಗಳನ್ನು ಗುರುತಿಸಲಾಗದೆ ಅಕ್ಷರಗಳೆಂದೇ ಅಚ್ಚು ಹಾಕುತ್ತಿದೆ. ಕೂಡಲೇ ಕಾಗದದ ತಟ್ಟೆ ಎಳೆದು ಸರದಿಯನ್ನು ಖಾಲಿ ಮಾಡಿ. ಇಲ್ಲವಾದರೆ ಇಡೀ ರೀಮು ಹಾಳಾಗುತ್ತದೆ.

ಆದ್ದರಿಂದ ಮೊದಲು ಪ್ರಿಂಟರಿನ ಕೈಪಿಡಿಯಲ್ಲಿ ಭಾಷೆಯ ಸಾಲನ್ನು ಓದಿರಿ. ಪಿಸಿಎಲ್ 6 ಮತ್ತು ಪೋಸ್ಟ್‌ಸ್ಕ್ರಿಪ್ಟ್ ಎರಡೂ ಇದ್ದರೆ ಕಚೇರಿಯ ಪತ್ರಗಳಿಗೆ ಪಿಸಿಎಲ್ 6 ಡ್ರೈವರನ್ನೇ ಹಾಕಿಕೊಳ್ಳಿ, ವಿನ್ಯಾಸದ ಕೆಲಸ ಮಾಡುವ ಡಿಟಿಪಿ ಕೇಂದ್ರಗಳು ಪೋಸ್ಟ್‌ಸ್ಕ್ರಿಪ್ಟನ್ನು ಆರಿಸಿಕೊಳ್ಳಲಿ. ಭಾಷೆಯಿಲ್ಲದ ಅಗ್ಗದ ಯಂತ್ರವಾದರೆ ತಯಾರಕರು ಆ ಮಾದರಿಗೆಂದೇ ಕೊಟ್ಟ ಡ್ರೈವರ್ ಬಿಟ್ಟು ಬೇರೆಯದನ್ನು ಪ್ರಯತ್ನಿಸುವುದು ವ್ಯರ್ಥ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲದಿರುವುದರಿಂದ ಹಳೆಯ 32 ಬಿಟ್ ಡ್ರೈವರ್ ಅಲ್ಲಿ ಕೂರುವುದಿಲ್ಲ; ಹಳೆಯ ಯಂತ್ರ ಕೊಳ್ಳುವವರು ಹಣ ಕೊಡುವ ಮೊದಲೇ ಅದರ 64 ಬಿಟ್ ಡ್ರೈವರ್ ಸಿಗುತ್ತದೆಯೇ ಎಂದು ನೋಡಿಕೊಳ್ಳಬೇಕು.

ಅಂತರಜಾಲದಲ್ಲಿ ಹುಡುಕಿದೊಡನೆ ಮೇಲುಗಡೆ ಬರುವ, ಎಲ್ಲ ಡ್ರೈವರುಗಳನ್ನೂ ತಾನೇ ಹುಡುಕಿ ಹಾಕುತ್ತೇನೆ ಎನ್ನುವ ತಂತ್ರಾಂಶಗಳನ್ನು ದಯವಿಟ್ಟು ಮುಟ್ಟಬೇಡಿ. ಅವು ಒಂದು ಡ್ರೈವರಿನ ನೆಪದಲ್ಲಿ ಬೇಡದ ಹತ್ತು ಸರಕನ್ನು ತುಂಬುತ್ತವೆ. ಡ್ರೈವರ್ ಸಾಧಾರಣ ಕಡತವಲ್ಲ. ಸ್ಪೂಲರ್ ಸೇವೆ ಕಂಪ್ಯೂಟರಿನ ಮೇಲೆ ಅತಿ ಹೆಚ್ಚಿನ ಅಧಿಕಾರದೊಂದಿಗೆ ನಡೆಯುತ್ತದೆ, ಡ್ರೈವರನ್ನು ಅದರೊಳಗೆ ಸೇರಿಸಿಕೊಳ್ಳುವುದು ಆ ಸೇವೆಯೇ. 2021ರಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ಹೆಸರಿನಿಂದ ಬಯಲಾದ ದೋಷದಲ್ಲಿ ದಾಳಿಕೋರರಿಗೆ ದಾರಿಯಾದದ್ದು ಇದೇ ವ್ಯವಸ್ಥೆ. ಆ ಬಳಿಕ ಮೈಕ್ರೋಸಾಫ್ಟ್ ಪ್ರಿಂಟರ್ ಡ್ರೈವರ್ ಹಾಕುವ ನಿಯಮಗಳನ್ನು ಬಿಗಿಗೊಳಿಸಿತು. ಹಂಚಿಕೊಂಡ ಪ್ರಿಂಟರನ್ನು ಸೇರಿಸುವಾಗ ಇಂದು ಅಡ್ಮಿನ್ ಪಾಸ್‌ವರ್ಡ್ ಕೇಳುವುದು ಆ ಕಾರಣದಿಂದ.

ಹಂತ 4: ಪೋರ್ಟ್ ಹೊಂದಿಸುವುದು

ಯುಎಸ್‌ಬಿ ಪ್ರಿಂಟರುಗಳಲ್ಲಿ ಡ್ರೈವರ್ ಕೂರಿಸಿ, ಅದು ಕೇಳಿದ ಮೇಲೆ ತಂತಿ ಚುಚ್ಚಿರಿ. ಚುಚ್ಚಿದ ಕಿಂಡಿಯನ್ನು ಮತ್ತೆ ಬದಲಿಸಬೇಡಿ. ತನ್ನದೇ ಸರಣಿ ಸಂಖ್ಯೆಯನ್ನು ಹೇಳಿಕೊಳ್ಳದ ಪ್ರಿಂಟರನ್ನು ಬೇರೆ ಕಿಂಡಿಗೆ ಹಾಕಿದರೆ ವಿಂಡೋಸ್ ಅದನ್ನು ಹೊಸ ಪ್ರಿಂಟರೆಂದು ತಿಳಿದು ‘ಕಾಪಿ 1’ ಎಂಬ ಬಾಲ ಹಚ್ಚಿ ಇನ್ನೊಂದು ಹೆಸರು ಹುಟ್ಟಿಸುತ್ತದೆ. ತಂತ್ರಾಂಶಗಳು ಹಳೆಯ ಹೆಸರಿಗೇ ಕಳುಹಿಸುತ್ತಿರುತ್ತವೆ, ಆ ಹೆಸರಿನ ಪೋರ್ಟಿನಲ್ಲಿ ಯಂತ್ರವೇ ಇರುವುದಿಲ್ಲ, ಸರದಿ ಬೆಳೆಯುತ್ತ ಹೋಗುತ್ತದೆ. ಇದಕ್ಕೆ ಡ್ರೈವರ್ ಕೀಳಬೇಕಾಗಿಲ್ಲ. ಪ್ರಿಂಟರ್ ಪ್ರಾಪರ್ಟೀಸ್ ತೆರೆದು, ಪೋರ್ಟ್ಸ್ ಎಂಬ ಪುಟದಲ್ಲಿ ಹಳೆಯ ಹೆಸರಿಗೆ ಈಗ ಯಂತ್ರವಿರುವ ಯುಎಸ್‌ಬಿ ಪೋರ್ಟನ್ನು ಗುರುತು ಮಾಡಿ, ‘ಕಾಪಿ’ ಎಂದಿರುವುದನ್ನು ಅಳಿಸಿ.

ನೆಟ್‌ವರ್ಕ್ ಪ್ರಿಂಟರಿನ ವಿಷಯದಲ್ಲಿ ಮಲೆನಾಡಿನವರು ಇನ್ನೂ ಒಂದು ಎಚ್ಚರ ವಹಿಸಬೇಕು. ಗಾಳಿಮಳೆಗೆ ಕರೆಂಟ್ ಹೋಗಿ ಬಂದಾಗ ರೂಟರ್ ಹೊಸದಾಗಿ ಎದ್ದು ಪ್ರಿಂಟರಿಗೆ ಬೇರೆ ಐಪಿ ವಿಳಾಸ ಕೊಡಬಹುದು. ಪೋರ್ಟ್ ಮಾನಿಟರ್ ಮಾತ್ರ ಹಳೆಯ ವಿಳಾಸದ ಬಾಗಿಲನ್ನೇ ತಟ್ಟುತ್ತಿರುತ್ತದೆ. ರೂಟರಿನ ಸೆಟ್ಟಿಂಗಿನಲ್ಲಿ ಪ್ರಿಂಟರಿಗೆ ಒಂದು ವಿಳಾಸವನ್ನು ಕಾಯಂ ಆಗಿ ಮೀಸಲಿಡಿ. ವಿಂಡೋಸ್ ತಾನಾಗಿ ಸೃಷ್ಟಿಸುವ ಡಬ್ಲ್ಯುಎಸ್‌ಡಿ ಪೋರ್ಟನ್ನು ಬಿಟ್ಟು, ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಆರಿಸಿ ಆ ವಿಳಾಸವನ್ನು ಕೈಯಾರೆ ಬರೆಯಿರಿ. ಬಹುತೇಕ ಪ್ರಿಂಟರುಗಳು 9100ನೇ ಪೋರ್ಟಿನಲ್ಲಿ ದತ್ತಾಂಶ ಸ್ವೀಕರಿಸುತ್ತವೆ. ಯಂತ್ರ ಸಿದ್ಧವಾಗಿದ್ದರೂ ಪರದೆಯ ಮೇಲೆ ‘ಆಫ್‌ಲೈನ್’ ಎಂದೇ ತೋರುತ್ತಿದ್ದರೆ ಅದೇ ಪೋರ್ಟಿನ ವಿವರದಲ್ಲಿ ಎಸ್‌ಎನ್‌ಎಂಪಿ ಸ್ಥಿತಿ ವಿಚಾರಣೆಯ ಗುರುತನ್ನು ತೆಗೆದುಹಾಕಿ ನೋಡಿ.

ಹಂತ 5: ಕಾಗದದ ಅಳತೆ

ಪ್ರಿಂಟ್ ಕಿಟಕಿಯಲ್ಲಿ ‘ಪ್ರಾಪರ್ಟೀಸ್’ ಒತ್ತಿದಾಗ ತೆರೆಯುವ ಪುಟ ವರ್ಡಿನದಲ್ಲ, ಡ್ರೈವರಿನದು. ಅಲ್ಲಿ ಲೆಟರ್ ಎಂದಿದ್ದು ತಟ್ಟೆಯಲ್ಲಿ ಎ4 ಇದ್ದರೆ ಯಂತ್ರವು ದೀಪ ಮಿಣುಕಿಸುತ್ತ ಕಾಗದಕ್ಕಾಗಿ ಕಾಯುತ್ತದೆ. ‘ಪ್ರಿಂಟಿಂಗ್ ಪ್ರಿಫರೆನ್ಸಸ್’ನಲ್ಲಿ ಮಾಡಿದ ಬದಲಾವಣೆ ಆ ಒಬ್ಬ ಬಳಕೆದಾರರಿಗೆ ಮಾತ್ರ ಅನ್ವಯಿಸುತ್ತದೆ, ಎಲ್ಲರಿಗೂ ಎ4 ಬೇಕಾದರೆ ಅಡ್ವಾನ್ಸ್ಡ್ ಪುಟದ ‘ಪ್ರಿಂಟಿಂಗ್ ಡೀಫಾಲ್ಟ್ಸ್’ನಲ್ಲಿ ಹೊಂದಿಸಬೇಕು.

ಹಂತ 6: ಕನ್ನಡದ ಪರೀಕ್ಷೆ

ವಿಂಡೋಸಿನ ಪರೀಕ್ಷಾ ಪುಟ ಬಂದೊಡನೆ ಕೆಲಸ ಮುಗಿಯಿತೆಂದು ಏಳಬೇಡಿ. ‘ಸ್ತ್ರೀ’, ‘ರಾಷ್ಟ್ರ’, ‘ಅರ್ಜಿ’ ಎಂಬ ಪದಗಳಿರುವ ಒಂದು ಪುಟವನ್ನು ಯೂನಿಕೋಡಿನಲ್ಲಿ ಬರೆದು ಮುದ್ರಿಸಿ. ‘ಸ್ತ್ರೀ’ ಎಂಬುದು ಯೂನಿಕೋಡಿನಲ್ಲಿ ಆರು ಸಂಕೇತಗಳ ಸಾಲು. ಅವುಗಳಿಂದ ಒತ್ತು, ದೀರ್ಘಗಳನ್ನು ಜೋಡಿಸಿ ಅಕ್ಷರದ ಆಕಾರ ಕಟ್ಟುವ ಕೆಲಸ ಡ್ರೈವರಿಗೆ ತಲುಪುವ ಮೊದಲೇ ಮುಗಿದಿರುತ್ತದೆ. ಡ್ರೈವರಿನ ಕೈಗೆ ಬರುವುದು ಅಕ್ಷರರೂಪಗಳ ಸಂಖ್ಯೆಗಳು ಮತ್ತು ಅವು ಕೂರಬೇಕಾದ ಸ್ಥಾನಗಳು. ಆದ್ದರಿಂದ ಪರದೆಯ ಮೇಲೆ ಸರಿಯಿದ್ದು ಕಾಗದದ ಮೇಲೆ ಒತ್ತುಗಳು ಚದುರಿದರೆ ಡ್ರೈವರ್ ಫಾಂಟನ್ನು ಪ್ರಿಂಟರಿಗೆ ಕಳುಹಿಸುವ ಬಗೆಯನ್ನು ಅನುಮಾನಿಸಬೇಕು. ಪೋಸ್ಟ್‌ಸ್ಕ್ರಿಪ್ಟ್ ಡ್ರೈವರಿನಲ್ಲಿ ಟ್ರೂಟೈಪ್ ಫಾಂಟಿನ ಬದಲು ಪ್ರಿಂಟರಿನದೇ ಫಾಂಟ್ ಬಳಸುವ ಆಯ್ಕೆಯಿದ್ದರೆ ಅದನ್ನು ಬಿಟ್ಟು, ಕಂಪ್ಯೂಟರಿನ ಫಾಂಟನ್ನೇ ಸಾಫ್ಟ್‌ಫಾಂಟ್ ಆಗಿ ಕಳುಹಿಸುವ ಆಯ್ಕೆ ಹಿಡಿಯಿರಿ. ಕೆಲವು ಪಿಸಿಎಲ್ ಡ್ರೈವರುಗಳಲ್ಲಿ ಫಾಂಟನ್ನು ಬಿಟ್‌ಮ್ಯಾಪ್ ಮಾಡಿ ಕಳುಹಿಸುವ ಆಯ್ಕೆಯಿರುತ್ತದೆ. ಇಡೀ ಪುಟವನ್ನೇ ಚಿತ್ರವಾಗಿ ಮುದ್ರಿಸುವುದು ಕೊನೆಯ ಉಪಾಯ. ಅದು ನಿಧಾನ, ಸಣ್ಣ ಅಕ್ಷರಗಳ ಅಂಚೂ ಮೊಂಡಾಗುತ್ತದೆ.

‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಬರೆದ ಕಡತಗಳದ್ದು ಬೇರೆ ಸಂಗತಿ. ಅವುಗಳಲ್ಲಿ ಕನ್ನಡದ ಆಕಾರಗಳು ರೋಮನ್ ಅಕ್ಷರಗಳ ಸಂಕೇತಗಳ ಮೇಲೆ ಕೂತಿವೆ. ಫಾಂಟ್ ಕೈತಪ್ಪಿದ ಕ್ಷಣವೇ ಅರ್ಥವಿಲ್ಲದ ರೋಮನ್ ಅಕ್ಷರಗಳು ಹೊರಬರುತ್ತವೆ. ಇದನ್ನು ಯಾವ ಡ್ರೈವರೂ ಸರಿಪಡಿಸಲಾರದು. ಕಡತವನ್ನು ಯೂನಿಕೋಡಿಗೆ ಬದಲಿಸಿ, ಅಥವಾ ಫಾಂಟ್ ಅಡಕವಾಗಿರುವ ಪಿಡಿಎಫ್ ತರಿಸಿಕೊಳ್ಳಿ.

ಮಂಡಿಗಳಲ್ಲಿ, ಸಹಕಾರ ಸಂಘಗಳಲ್ಲಿ ಇನ್ನೂ ದುಡಿಯುತ್ತಿರುವ ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳಿಗೆ ‘ಜೆನೆರಿಕ್ ಟೆಕ್ಸ್ಟ್ ಓನ್ಲಿ’ ಡ್ರೈವರ್ ಹಾಕುವ ರೂಢಿಯಿದೆ. ಅದು ಅಕ್ಷರದ ಸಂಕೇತವನ್ನಷ್ಟೇ ಕಳುಹಿಸುತ್ತದೆ. ಯಂತ್ರ ತನ್ನೊಳಗಿನ ಇಂಗ್ಲಿಷ್ ಅಕ್ಷರಗಳಿಂದ ಬೇಗ ಅಚ್ಚು ಹಾಕುತ್ತದೆ. ಕೆಲವು ಬಿಲ್ಲಿಂಗ್ ತಂತ್ರಾಂಶಗಳು ಡ್ರೈವರಿನ ಅನುವಾದವನ್ನೇ ಬಿಟ್ಟು, ಯಂತ್ರದ ಆದೇಶಗಳನ್ನು ತಾವೇ ಬರೆದು ಸ್ಪೂಲರಿಗೆ ಕಚ್ಚಾ ದತ್ತಾಂಶವಾಗಿ ಕೊಡುತ್ತವೆ, ಸ್ಪೂಲರ್ ಅದನ್ನು ಇದ್ದಂತೆಯೇ ದಾಟಿಸುತ್ತದೆ. ಈ ಎರಡು ದಾರಿಗಳಲ್ಲೂ ಕನ್ನಡದ ಅಕ್ಷರಗಳು ಹಾಗೆಯೇ ಹೋಗಲಾರವು. ರೈತರ ಹೆಸರು ಚೀಟಿಯ ಮೇಲೆ ಕನ್ನಡದಲ್ಲಿಯೇ ಬರಬೇಕು ಎಂಬುದು ನನ್ನ ನಿಲುವು. ಹಾಗೆ ಬರಬೇಕಾದರೆ ಆ ಮಾದರಿಯ ನಿಜವಾದ ಡ್ರೈವರನ್ನು ಹಾಕಿ, ಗ್ರಾಫಿಕ್ಸ್ ರೂಪದಲ್ಲಿ ಮುದ್ರಿಸಬೇಕು. ಚೀಟಿಗೆ ಕೆಲವು ಕ್ಷಣ ಹೆಚ್ಚು ಹಿಡಿದರೂ ಅದೇ ಸರಿಯಾದ ಕ್ರಮ.

ಹಂತ 7: ಸಿಕ್ಕಿಕೊಂಡ ಸರದಿಯನ್ನು ಬಿಡಿಸುವುದು

ಮುದ್ರಣದ ನಡುವೆ ಕರೆಂಟ್ ಹೋದರೆ ಅರ್ಧ ಬರೆದ ಕಡತ ಸ್ಪೂಲರಿನಲ್ಲಿ ಉಳಿದು, ಕಂಪ್ಯೂಟರ್ ಮತ್ತೆ ಎದ್ದ ಮೇಲೂ ತನ್ನ ಹಿಂದೆ ಕಾದಿರುವ ಕಡತಗಳಿಗೆ ದಾರಿ ಬಿಡದೆ ನಿಲ್ಲಬಹುದು. ಕ್ಯಾನ್ಸಲ್ ಒತ್ತಿದರೂ ‘ಡಿಲೀಟಿಂಗ್’ ಎಂದು ತೋರಿಸುತ್ತ ಅಲ್ಲಿಯೇ ಕೂರುತ್ತದೆ. ಸರ್ವಿಸಸ್ ಕಿಟಕಿಯಲ್ಲಿ ಪ್ರಿಂಟ್ ಸ್ಪೂಲರ್ ಸೇವೆಯನ್ನು ನಿಲ್ಲಿಸಿ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಫೋಲ್ಡರ್ ತೆರೆಯಿರಿ. ಅಲ್ಲಿರುವ ಎಸ್‌ಪಿಎಲ್ ಕಡತಗಳು ಮುದ್ರಿಸಬೇಕಾದ ವಿಷಯವನ್ನೂ ಎಸ್‌ಎಚ್‌ಡಿ ಕಡತಗಳು ಅದರ ಸೆಟ್ಟಿಂಗುಗಳನ್ನೂ ಹಿಡಿದಿಟ್ಟಿರುತ್ತವೆ. ಆ ಕಡತಗಳನ್ನು ಮಾತ್ರ ಅಳಿಸಿ, ಫೋಲ್ಡರನ್ನು ಅಳಿಸಬೇಡಿ. ಪಕ್ಕದ ಡ್ರೈವರ್ಸ್ ಫೋಲ್ಡರನ್ನಂತೂ ಮುಟ್ಟಲೇಬೇಡಿ. ಸೇವೆಯನ್ನು ಮತ್ತೆ ಆರಂಭಿಸಿ, ಪ್ರಿಂಟರನ್ನೂ ಒಮ್ಮೆ ಆರಿಸಿ ಹಚ್ಚಿ. ಅದರ ನೆನಪಿನಲ್ಲೂ ಅರ್ಧ ಪುಟ ಉಳಿದಿರಬಹುದು.

ವಿಂಡೋಸಿನ ಬದಲು ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆ ಬಳಸುವವರಿಗೆ ದಾರಿ ಚಿಕ್ಕದು. ಅಲ್ಲಿ ಸ್ಪೂಲರಿನ ಕೆಲಸವನ್ನು ಕಪ್ಸ್ ಎಂಬ ಮುದ್ರಣ ವ್ಯವಸ್ಥೆ ನೋಡಿಕೊಳ್ಳುತ್ತದೆ, ತಂತ್ರಾಂಶಗಳು ಹೆಚ್ಚಾಗಿ ಪಿಡಿಎಫ್ ರೂಪದಲ್ಲಿಯೇ ಒಪ್ಪಿಸುತ್ತವೆ, ಫಿಲ್ಟರ್ ಎಂಬ ಸಣ್ಣ ತಂತ್ರಾಂಶಗಳು ಅದನ್ನು ಯಂತ್ರದ ಭಾಷೆಗೆ ತಿರುಗಿಸುತ್ತವೆ. ಬ್ರೌಸರಿನಲ್ಲಿ ಲೋಕಲ್‌ಹೋಸ್ಟಿನ 631ನೇ ಪೋರ್ಟ್ ತೆರೆದರೆ ಇಡೀ ಸರದಿ ಕಣ್ಣೆದುರಿಗಿರುತ್ತದೆ. ಅದೇ ಪೋರ್ಟಿನ ಐಪಿಪಿ (ಇಂಟರ್ನೆಟ್ ಪ್ರಿಂಟಿಂಗ್ ಪ್ರೊಟೋಕಾಲ್) ನಿಯಮಾವಳಿಯನ್ನು ತಿಳಿದ ಹೊಸ ಪ್ರಿಂಟರುಗಳಿಗೆ ತಯಾರಕರ ಡ್ರೈವರಿನ ಅಗತ್ಯವೇ ಬೀಳುವುದಿಲ್ಲ. ತನ್ನ ಸಾಮರ್ಥ್ಯವನ್ನು ಯಂತ್ರವೇ ವ್ಯವಸ್ಥೆಗೆ ತಿಳಿಸುತ್ತದೆ. ವಿಂಡೋಸ್ ಕೂಡ ಆ ಕಡೆಗೇ ಸಾಗಿದೆ. ತಯಾರಕರ ಹಳೆಯ ಬಗೆಯ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಒದಗಿಸುವುದನ್ನು ಹಂತ ಹಂತವಾಗಿ ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಹೊಸ ಪ್ರಿಂಟರ್ ಕೊಳ್ಳುವವರು ಅದಕ್ಕೆ ಐಪಿಪಿ ಬರುತ್ತದೆಯೇ ಎಂದು ಅಂಗಡಿಯಲ್ಲಿಯೇ ಕೇಳಿರಿ. ಹಳೆಯದನ್ನು ಇಟ್ಟುಕೊಳ್ಳುವವರು ತಯಾರಕರ ತಾಣದಿಂದ ಅದರ 64 ಬಿಟ್ ಡ್ರೈವರನ್ನು ಈಗಲೇ ಇಳಿಸಿಕೊಂಡು, ಪ್ರಿಂಟರಿನ ಮಾದರಿಯ ಹೆಸರು ಬರೆದ ಪೆನ್‌ಡ್ರೈವಿನಲ್ಲಿ ಜೋಪಾನವಾಗಿಡಿ.